ವ್ಯವಹಾರದ ನಿರ್ಧಾರವೂ ಕಾರ್ಮಿಕರ ಮಾತೂ

ಕಾರಖಾನೆಯ ಯಜಮಾನನೊಬ್ಬನು ತನ್ನ ಕಾರಖಾನೆಯನ್ನು ಮುಚ್ಚಬೇಕೆಂದೋ, ಬೇರೊಂದು ಊರಿಗೆ ಸಾಗಿಸಬೇಕೆಂದೋ, ಹತ್ತು ಮಂದಿ ಮಾಡುತ್ತಿದ್ದ ಕೆಲಸವನ್ನು ಒಂದು ಯಂತ್ರಕ್ಕೆ ಒಪ್ಪಿಸಬೇಕೆಂದೋ ಮನಸ್ಸು ಮಾಡಿದನೆಂದು ಇಟ್ಟುಕೊಳ್ಳೋಣ. ಆ ಮಾತನ್ನು ಕಾರ್ಮಿಕರ ಸಂಘದೊಡನೆ ಮೊದಲು ಆಡಬೇಕಾದ ಕಟ್ಟುಪಾಡು ಅವನಿಗೆ ಉಂಟೆ? ಉಂಟೆಂದರೆ, ಎಷ್ಟರಮಟ್ಟಿಗೆ? ಇಲ್ಲವೆಂದರೆ, ಇರಬೇಕೆ? ಈ ಸಂಜೆ ನಾವು ವಿಚಾರಕ್ಕೆ ಎತ್ತಿಕೊಂಡಿರುವ ಪ್ರಶ್ನೆ ಇದು. ಇದು ವಕೀಲರಿಗೆ ಮಾತ್ರ ಸೇರಿದ್ದೆಂದು ಕೇಳುಗರು ಭಾವಿಸಬೇಕಾಗಿಲ್ಲ. ಬೆಂಗಳೂರಿನಂಥ ನಗರದಲ್ಲಿ ಪ್ರತಿಯೊಂದು ಮನೆಯ ಅಡುಗೆಯ ಒಲೆಯೂ ಯಾವುದೋ ಒಂದು ಕಚೇರಿಯ ಮೇಜಿನ ಮೇಲೆ ಆಗುವ ನಿರ್ಧಾರದಿಂದಲೇ ಉರಿಯುತ್ತದೆ, ಅದರಿಂದಲೇ ಆರುತ್ತದೆ.

ಮೊದಲು ಒಂದು ಶಬ್ದವನ್ನು ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ಸಾಮೂಹಿಕ ಚೌಕಾಶಿ ಎಂಬ ಮಾತು ಈಗ ರೂಢಿಯಲ್ಲಿದೆ. ಚೌಕಾಶಿ ಎಂದೊಡನೆ ನಮಗೆ ನೆನಪಾಗುವುದು ಸಂತೆಯ ಗದ್ದಲ. ಒಬ್ಬನು ಏರಿಸಿ ಹೇಳುವುದು, ಇನ್ನೊಬ್ಬನು ಇಳಿಸಿ ಕೇಳುವುದು. ಆದರೆ ಸಂತೆಯಲ್ಲಿ ಬೆಲೆ ಒಗ್ಗದಿದ್ದರೆ ಕೊಳ್ಳುವವನು ಪಕ್ಕದ ಅಂಗಡಿಗೆ ಹೋಗುತ್ತಾನೆ. ಇಪ್ಪತ್ತು ವರ್ಷ ಒಂದೇ ಯಂತ್ರದ ಮುಂದೆ ನಿಂತ ಕುಶಲಿಗೆ ಪಕ್ಕದ ಅಂಗಡಿ ಎಂಬುದಿಲ್ಲ. ಆದಕಾರಣವೇ ಆತನು ಒಬ್ಬನಾಗಿ ಮಾತಾಡದೆ ಎಲ್ಲರೊಡನೆ ಸೇರಿ ಮಾತಾಡುತ್ತಾನೆ. ಹೀಗೆ ಸೇರಿ ಬಂದವರೊಡನೆ ಯಜಮಾನನು ಸದ್ಭಾವದಿಂದ ಕುಳಿತು ಮಾತಾಡತಕ್ಕದ್ದು ಎಂಬುದೇ ಚೌಕಾಶಿಯ ಕರ್ತವ್ಯ. ಮಾತಾಡುವುದು ಕರ್ತವ್ಯವೇ ಹೊರತು ಒಪ್ಪಿಕೊಳ್ಳುವುದು ಕರ್ತವ್ಯವಲ್ಲ. ಈ ಭೇದವನ್ನು ಮರೆತವರು ಎರಡು ಪಕ್ಷಗಳಲ್ಲಿಯೂ ಇದ್ದಾರೆ. ಮಾತಿಗೆ ಕೂತರೆ ಸೋತಂತೆಯೇ ಎಂದು ಯಜಮಾನನು ಹೆದರುತ್ತಾನೆ. ಮಾತಿಗೆ ಕರೆದರೆಂದರೆ ಬೇಡಿಕೆ ಈಡೇರಿದಂತೆಯೇ ಎಂದು ಸಂಘವು ನಂಬುತ್ತದೆ. ಎರಡೂ ತಪ್ಪು.

ಈ ಪ್ರಶ್ನೆಯನ್ನು ಬೆಂಗಳೂರಿನ ಉತ್ತರ ಭಾಗದಲ್ಲಿ ನಿಂತು ನೋಡುವುದು ಅನುಕೂಲ. ಯಶವಂತಪುರದ ಸುತ್ತಿನ ಕೈಗಾರಿಕಾ ಉಪನಗರ, ಅದರ ಆಚೆಗೆ ಜಾಲಹಳ್ಳಿ, ಪೀಣ್ಯ, ಇತ್ತ ಹೆಬ್ಬಾಳ, ಮುಂದೆ ಯಲಹಂಕ—ಈ ಪ್ರದೇಶವು ಒಂದು ಶತಮಾನದ ಕೈಗಾರಿಕೆಯ ಚರಿತ್ರೆಯನ್ನು ತನ್ನ ಬೀದಿಗಳಲ್ಲಿಯೇ ಬರೆದುಕೊಂಡಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಳಿಕೆಯಲ್ಲಿ 1916ರಲ್ಲಿ ಆರಂಭವಾದ ಸರಕಾರಿ ಸಾಬೂನು ಕಾರಖಾನೆಯು 1957ರಲ್ಲಿ ಈ ಕಡೆಗೆ ಬಂದು ನೆಲೆಸಿತು. ಗಂಧದ ಸಾಬೂನಿನ ಪರಿಮಳ ಯಶವಂತಪುರದ ದಾರಿಹೋಕರಿಗೆ ಇಂದಿಗೂ ಪರಿಚಿತ. 1953ರಲ್ಲಿ ಹಿಂದೂಸ್ಥಾನ್ ಮೆಷಿನ್ ಟೂಲ್ಸ್, ಮರುವರ್ಷ ಭಾರತ್ ಎಲೆಕ್ಟ್ರಾನಿಕ್ಸ್ ಜಾಲಹಳ್ಳಿಯಲ್ಲಿ ತಲೆಯೆತ್ತಿದವು. 1984ರಲ್ಲಿ ಯಲಹಂಕದಲ್ಲಿ ರೈಲಿನ ಗಾಲಿಗಳನ್ನೂ ಅಚ್ಚುಗಳನ್ನೂ ಮಾಡುವ ಕಾರಖಾನೆ ಕೆಲಸಕ್ಕೆ ತೊಡಗಿತು. ಪೀಣ್ಯದಲ್ಲಿ ಸಾವಿರಾರು ಸಣ್ಣ ಕಾರಖಾನೆಗಳು ಹುಟ್ಟಿಕೊಂಡವು. ಇತ್ತೀಚೆಗೆ ಹೆಬ್ಬಾಳದ ಬದಿಯಲ್ಲಿ ಗಾಜಿನ ಗೋಡೆಯ ಕಚೇರಿಗಳು ಸಾಲುಗಟ್ಟಿವೆ. ಇವೆಲ್ಲದರಲ್ಲಿಯೂ ಸಂಬಳದ ಮಾತು ನಡೆದಿದೆ. ವ್ಯವಹಾರದ ನಿರ್ಧಾರದ ಮಾತು ಎಲ್ಲಿ ನಡೆದಿದೆ, ಎಷ್ಟು ನಡೆದಿದೆ ಎಂಬುದೇ ನಮ್ಮ ವಿಚಾರ.

ಸಂಬಳದ ಮಾತಿಗೆ ಒಂದು ದೊಡ್ಡ ನಿದರ್ಶನವಿದೆ. 1980ರ ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನ ಕೇಂದ್ರ ಸರಕಾರದ ಉದ್ಯಮಗಳ ಕಾರ್ಮಿಕರು ಮುಷ್ಕರ ಹೂಡಿದರು. ವಿಮಾನ ಕಾರಖಾನೆ, ದೂರವಾಣಿ ಕಾರಖಾನೆ, ಜಾಲಹಳ್ಳಿಯ ಎರಡು ಕಾರಖಾನೆಗಳು—ಇವೆಲ್ಲ ಒಟ್ಟಿಗೆ ನಿಂತವು. ಭಾರತ್ ಹೆವಿ ಎಲೆಕ್ಟ್ರಿಕಲ್ಸಿನ ಕಾರ್ಮಿಕರಿಗೆ ಸಿಕ್ಕ ಸಂಬಳದ ಸಮಾನತೆ ತಮಗೂ ಬೇಕೆಂಬುದು ಅವರ ಬೇಡಿಕೆ. ಮುಷ್ಕರವು 77 ದಿನ ನಡೆದು 1981ರ ಮಾರ್ಚಿನಲ್ಲಿ ಮುಗಿಯಿತು. ಸಂಘಟನೆಯ ಬಲದಲ್ಲಿ ಈ ನಗರವು ಅಂಥದನ್ನು ಮತ್ತೆ ಕಂಡದ್ದು ವಿರಳ. ಆದರೂ ಗಮನಿಸಿ: ಆ ಮಹಾಬಲವು ಮೇಜಿನ ಮೇಲೆ ಇಟ್ಟ ವಿಷಯ ಸಂಬಳ. ಯಾವ ಸರಕನ್ನು ಮಾಡಬೇಕು, ಯಾವ ಯಂತ್ರವನ್ನು ತರಬೇಕು, ಯಾವ ವಿಭಾಗವನ್ನು ಬೆಳಸಬೇಕು ಎಂಬುದು ಆ ಮೇಜಿನ ಮೇಲಿನ ವಿಷಯವಾಗಿರಲಿಲ್ಲ.

ಅದರಿಂದ ಏನಾಗಬಹುದೆಂಬುದನ್ನು ಜಾಲಹಳ್ಳಿಯ ಗಡಿಯಾರವೇ ತೋರಿಸುತ್ತದೆ. ಜಪಾನಿನ ಸಿಟಿಜನ್ ಕಂಪೆನಿಯ ಸಹಯೋಗದಿಂದ 1961ರಲ್ಲಿ ಆರಂಭವಾದ ಎಚ್‌ಎಂಟಿ ಗಡಿಯಾರದ ಕಾರಖಾನೆಯು ಒಂದು ತಲೆಮಾರಿನ ಭಾರತೀಯರ ಮಣಿಕಟ್ಟಿಗೆ ಕಾಲವನ್ನು ಕಟ್ಟಿತು. ಮದುವೆಯ ಉಡುಗೊರೆ, ಪರೀಕ್ಷೆಯ ಬಹುಮಾನ, ನಿವೃತ್ತಿಯ ನೆನಪು, ಎಲ್ಲಕ್ಕೂ ಅದೇ. ಕೀಲಿ ಕೊಡುವ ಗಡಿಯಾರದ ಕಾಲ ಇಳಿಯುತ್ತ, ಬ್ಯಾಟರಿಯಿಂದ ನಡೆಯುವ ಕ್ವಾರ್ಟ್ಜ್ ಗಡಿಯಾರದ ಕಾಲ ಏರುತ್ತ ಬಂತು. 1984ರಲ್ಲಿ ಸ್ಥಾಪಿತವಾದ ಟೈಟನ್ ನೆರೆಯ ಹೊಸೂರಿನಲ್ಲಿ ಕಾರಖಾನೆ ಕಟ್ಟಿ ಪೇಟೆಯನ್ನು ಹಿಡಿಯಿತು. ಎಚ್‌ಎಂಟಿಯ ನಷ್ಟ ವರ್ಷ ವರ್ಷ ಬೆಳೆಯಿತು. ಕೊನೆಗೆ 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟವು ಎಚ್‌ಎಂಟಿ ವಾಚಸ್ ಕಂಪೆನಿಯನ್ನು ಮುಚ್ಚಲು ಸಮ್ಮತಿಸಿತು. ಉಳಿದಿದ್ದ ನೌಕರರಿಗೆ 2007ರ ವೇತನಶ್ರೇಣಿಯನ್ನು ಆಧಾರವಾಗಿಟ್ಟುಕೊಂಡು ಸ್ವಯಂನಿವೃತ್ತಿಯ ಪರಿಹಾರವನ್ನು ಗೊತ್ತುಮಾಡಿತು. ಕೀಲಿ ಗಡಿಯಾರವೋ ಕ್ವಾರ್ಟ್ಜೋ ಎಂಬ ನಿರ್ಧಾರ, ಬಂಡವಾಳವನ್ನು ಯಾವಾಗ ಹಾಕಬೇಕೆಂಬ ನಿರ್ಧಾರ, ಇವುಗಳಿಂದಲೇ ಕಾರ್ಮಿಕನ ಅನ್ನದ ಗತಿ ನಿಶ್ಚಯವಾಯಿತು. ಈ ನಿರ್ಧಾರಗಳ ಬಗೆಗೆ ಸಂಘದೊಡನೆ ಚೌಕಾಶಿ ಮಾಡಲೇಬೇಕೆಂದು ಯಾವ ಕಾಯಿದೆಯೂ ಹೇಳಿರಲಿಲ್ಲ. ಕಾಯಿದೆಯು ಮಾತಿಗೆ ಅವಕಾಶ ಕೊಡುವುದು ಕೊನೆಯ ಪರಿಹಾರದ ಮೊಬಲಗಿನ ಹೊತ್ತಿಗೆ.

ಹಾಗಾದರೆ ಕಾಯಿದೆಯು ಏನು ಹೇಳುತ್ತ ಬಂದಿದೆ? ಕ್ರಮವಾಗಿ ನೋಡೋಣ.

1926ರ ಕಾರ್ಮಿಕ ಸಂಘಗಳ ಕಾಯಿದೆಯು ಸಂಘಗಳಿಗೆ ನೋಂದಣಿಯನ್ನು ಕೊಟ್ಟಿತು, ಮನ್ನಣೆಯನ್ನು ಕೊಡಲಿಲ್ಲ. ಅಂದರೆ ಸಂಘವನ್ನು ಕಟ್ಟುವುದು ಕಾನೂನುಬದ್ಧ, ಆದರೆ ಆ ಸಂಘವನ್ನು ಯಜಮಾನನು ತನ್ನ ಎದುರಿನ ಕುರ್ಚಿಯಲ್ಲಿ ಕೂಡಿಸಬೇಕೆಂಬ ಬಲವಂತವಿಲ್ಲ. ಮೈಸೂರು ಸಂಸ್ಥಾನವು 1941ರಲ್ಲಿ ಒಂದು ತುರ್ತು ಕಾಯಿದೆಯನ್ನೂ 1942ರಲ್ಲಿ ಮೈಸೂರು ಕಾರ್ಮಿಕ ಕಾಯಿದೆಯನ್ನೂ ಮಾಡಿ, ಕಾರಖಾನೆಗಳ ಕಾರ್ಮಿಕ ಸಂಘಗಳಿಗೂ ವಿವಾದಗಳ ಸಂಧಾನಕ್ಕೂ ಒಂದು ಚೌಕಟ್ಟನ್ನು ಒದಗಿಸಿತು. 1947ರಲ್ಲಿ ಕೇಂದ್ರ ಶಾಸನಸಭೆಯು ಸಂಘಕ್ಕೆ ಕಡ್ಡಾಯ ಮನ್ನಣೆಯನ್ನು ಕೊಡುವ ತಿದ್ದುಪಡಿಯೊಂದನ್ನು ಅಂಗೀಕರಿಸಿತು. ಆ ತಿದ್ದುಪಡಿಯು ಜಾರಿಗೆ ಬರಲೇ ಇಲ್ಲ. ಹುಟ್ಟಿದ ಕೂಸಿಗೆ ಉಸಿರು ಬರಲಿಲ್ಲವೆಂದು ಹೇಳಬೇಕು. 1958ರ ಶಿಸ್ತುಸಂಹಿತೆಯಲ್ಲಿ ಮನ್ನಣೆಯ ಮಾತು ಬಂತು. ಆದರೆ ಅದು ಯಜಮಾನರೂ ಸಂಘಗಳೂ ತಾವಾಗಿ ಒಪ್ಪಿಕೊಂಡ ನಡವಳಿಕೆಯ ಪಟ್ಟಿ, ಕಾಯಿದೆಯಲ್ಲ.

1947ರ ಇನ್ನೊಂದು ಕಾಯಿದೆ, ಕೈಗಾರಿಕಾ ವಿವಾದಗಳ ಕಾಯಿದೆ, ಬಾಳಿ ಬದುಕಿತು. ಅದಕ್ಕೆ ಮುಂದೆ ಸೇರಿದ 9ಎ ಪರಿಚ್ಛೇದವು ನಮ್ಮ ಪ್ರಶ್ನೆಗೆ ಅತ್ಯಂತ ಸಮೀಪದ್ದು. ಕೆಲಸದ ಷರತ್ತುಗಳಲ್ಲಿ ಗೊತ್ತಾದ ಕೆಲವು ಬದಲಾವಣೆಗಳನ್ನು ಮಾಡುವ ಮುನ್ನ ಯಜಮಾನನು ಕಾರ್ಮಿಕರಿಗೆ ನೋಟೀಸು ಕೊಟ್ಟು 21 ದಿನ ಕಾಯಬೇಕು. ಕಾಯಿದೆಯ ನಾಲ್ಕನೆಯ ಅನುಸೂಚಿಯಲ್ಲಿ ಆ ಬದಲಾವಣೆಗಳ ಪಟ್ಟಿಯಿತ್ತು. ಉದ್ಯೋಗ ಕಡಿತಕ್ಕೆ ದಾರಿಯಾಗಬಹುದಾದ ಯಂತ್ರಸುಧಾರಣೆಯೂ ಆ ಪಟ್ಟಿಯಲ್ಲಿ ಒಂದು. ಅಂದರೆ ಕೈಕೆಲಸದ ಬದಲಿಗೆ ಹೊಸ ಯಂತ್ರವನ್ನು ತರುವುದು ಯಜಮಾನನ ಹಕ್ಕು, ಆದರೆ ಹೇಳದೆ ತರುವುದು ಹಕ್ಕಲ್ಲ. ನಾಗಪುರದ ಲೋಕಮತ ಪತ್ರಿಕೆಯು ಅಕ್ಷರ ಜೋಡಣೆಗೆ ಹೊಸ ಯಂತ್ರವನ್ನು ತಂದ ಪ್ರಕರಣದಲ್ಲಿ 1999ರಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಡಿಸಿ ಹೇಳಿತು: ನೋಟೀಸು ಬದಲಾವಣೆಗೆ ಮುಂಚೆ ಬರಬೇಕು, ಬದಲಾವಣೆಯಾದ ಮೇಲೆ ಬಂದರೆ ಪ್ರಯೋಜನವಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆ ಆಗುವ ಲಾಭವೇನು?

ಆದರೆ ನೋಟೀಸು ಬೇರೆ, ಮಾತುಕತೆ ಬೇರೆ. ನೋಟೀಸು ಒಬ್ಬನೇ ಆಡುವ ಮಾತು. ಮಾತುಕತೆಗೆ ಇಬ್ಬರು ಬೇಕು. ಈ ಕೊರತೆಯನ್ನು ತುಂಬುವ ಪ್ರಯತ್ನ 1982ರ ತಿದ್ದುಪಡಿಯಲ್ಲಿ ನಡೆದು 1984ರ ಆಗಸ್ಟಿನಲ್ಲಿ ಜಾರಿಗೆ ಬಂತು. ಐದನೆಯ ಅನುಸೂಚಿಯಲ್ಲಿ ಅನ್ಯಾಯದ ಕಾರ್ಮಿಕ ಪದ್ಧತಿಗಳನ್ನು ಪಟ್ಟಿಮಾಡಿ, ಮನ್ನಣೆ ಪಡೆದ ಸಂಘದೊಡನೆ ಸದ್ಭಾವದಿಂದ ಸಾಮೂಹಿಕ ಚೌಕಾಶಿ ಮಾಡಲು ನಿರಾಕರಿಸುವುದನ್ನೂ ಅದರಲ್ಲಿ ಸೇರಿಸಿದರು. ತಪ್ಪಿದವನಿಗೆ ಆರು ತಿಂಗಳವರೆಗೆ ಸೆರೆ ಅಥವಾ ಸಾವಿರ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ. ಓದಿದರೆ ಕರ್ತವ್ಯವು ಪೂರ್ಣವಾಗಿ ಸ್ಥಾಪಿತವಾದಂತೆ ತೋರುತ್ತದೆ. ಆದರೆ ಎರಡು ಬಾಗಿಲುಗಳನ್ನು ತೆರೆದೇ ಬಿಟ್ಟರು. ಮನ್ನಣೆ ಪಡೆದ ಸಂಘವೆಂದರೆ ಯಾವುದು? ಮನ್ನಣೆಯನ್ನು ಕಡ್ಡಾಯಮಾಡುವ ಕೇಂದ್ರದ ಕಾಯಿದೆಯೇ ಇರಲಿಲ್ಲವಾದ್ದರಿಂದ, ಮನ್ನಣೆ ಕೊಡದ ಯಜಮಾನನಿಗೆ ನಿರಾಕರಣೆಯ ದೋಷವೂ ತಟ್ಟಲಿಲ್ಲ. ಇನ್ನು ಮೊಕದ್ದಮೆ ಹೂಡಬೇಕಾದರೆ ಸರಕಾರದ ಕಡೆಯಿಂದ ಅಥವಾ ಅದರ ಅಧಿಕಾರದಿಂದಲೇ ದೂರು ಬರಬೇಕು. ಸಂಘವು ತಾನೇ ನೇರವಾಗಿ ನ್ಯಾಯಾಲಯದ ಮೆಟ್ಟಿಲೇರುವಂತಿರಲಿಲ್ಲ.

ನ್ಯಾಯಾಲಯಗಳು ಈ ವಿಷಯದಲ್ಲಿ ಎರಡು ದಿಕ್ಕಿಗೂ ನೋಡಿವೆ. ಪ್ಯಾರಿ ಕಂಪೆನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1968ರಲ್ಲಿ ಹೇಳಿದ್ದು: ತನ್ನ ವ್ಯವಹಾರವನ್ನು ಹೇಗೆ ವ್ಯವಸ್ಥೆ ಮಾಡಿಕೊಳ್ಳಬೇಕೆಂಬುದು ಯಜಮಾನನ ವಿವೇಚನೆಗೆ ಸೇರಿದ್ದು, ಅದು ಪ್ರಾಮಾಣಿಕವಾಗಿರುವವರೆಗೆ, ಬಲಿಪಶು ಮಾಡುವ ದುರುದ್ದೇಶವಿಲ್ಲದಿರುವವರೆಗೆ, ನ್ಯಾಯಮಂಡಲಿಯು ಅದರ ಒಳಿತು ಕೆಡಕನ್ನು ಅಳೆಯತಕ್ಕದ್ದಲ್ಲ. ಭಾರತ್ ಅಲ್ಯೂಮಿನಿಯಂ ಕಂಪೆನಿಯ ಶೇಕಡ 51ರಷ್ಟು ಷೇರುಗಳನ್ನು ಸರಕಾರವು ಮಾರಿದಾಗ, 2001ರಲ್ಲಿ ಅದೇ ನ್ಯಾಯಾಲಯವು, ಅಂಥ ನೀತಿನಿರ್ಧಾರಕ್ಕೆ ಮುಂಚೆ ನೌಕರರ ಮಾತನ್ನು ಕೇಳಲೇಬೇಕೆಂಬ ಹಕ್ಕು ಅವರಿಗಿಲ್ಲವೆಂದು ತೀರ್ಮಾನಿಸಿತು. ಇದು ಒಂದು ದಿಕ್ಕು. ಇನ್ನೊಂದು ದಿಕ್ಕಿನಲ್ಲಿ 1982ರ ತೀರ್ಪು ನಿಂತಿದೆ. ಕಂಪೆನಿಯೊಂದನ್ನು ಸಮಾಪ್ತಿಗೊಳಿಸಬೇಕೆಂಬ ಅರ್ಜಿಯ ವಿಚಾರಣೆಯಲ್ಲಿ ಕಾರ್ಮಿಕರಿಗೂ ಮಾತಾಡುವ ಹಕ್ಕುಂಟೆಂದು ನ್ಯಾಯಮೂರ್ತಿ ಭಗವತಿಯವರೂ ಅವರೊಡನೆ ಬಹುಮತದ ನ್ಯಾಯಾಧೀಶರೂ ಹೇಳಿದರು. ಬಂಡವಾಳ ಹಾಕಿದವನು ಮಾತ್ರವೇ ಕಂಪೆನಿಯಲ್ಲ, ಬೆವರು ಹಾಕಿದವನೂ ಅದರ ಭಾಗವೆಂಬ ಭಾವನೆ ಆ ತೀರ್ಪಿನ ಬೆನ್ನೆಲುಬು. ಆಡಳಿತದಲ್ಲಿ ಕಾರ್ಮಿಕರು ಭಾಗವಹಿಸುವಂತೆ ರಾಜ್ಯವು ಕ್ರಮ ಕೈಕೊಳ್ಳಬೇಕೆಂದು ಸಂವಿಧಾನದ 43ಎ ಅನುಚ್ಛೇದವು 1976ರಿಂದಲೂ ಹೇಳುತ್ತಿದೆ. ಅದು ನಿರ್ದೇಶಕ ತತ್ತ್ವ, ನ್ಯಾಯಾಲಯದಲ್ಲಿ ಸಾಧಿಸಿಕೊಳ್ಳಬಹುದಾದ ಹಕ್ಕಲ್ಲ.

ಹೊರದೇಶಗಳಲ್ಲಿ ಇದನ್ನು ಹೇಗೆ ಬಗೆಹರಿಸಿಕೊಂಡರೆಂಬುದು ತಿಳಿಯಲು ಯೋಗ್ಯ. ಅಮೆರಿಕದ ಸಂಯುಕ್ತ ಸಂಸ್ಥಾನವು 1935ರಲ್ಲಿಯೇ ಚೌಕಾಶಿಯನ್ನು ಯಜಮಾನನ ಕಾನೂನುಬದ್ಧ ಕರ್ತವ್ಯವನ್ನಾಗಿ ಮಾಡಿತು. ಯಾವ ವಿಷಯದ ಮೇಲೆ ಎಂಬ ಜಗಳವು ಅನಂತರ ಅಲ್ಲಿಯ ಸುಪ್ರೀಂ ಕೋರ್ಟಿಗೆ ಹೋಯಿತು. 1964ರಲ್ಲಿ ಫೈಬರ್‌ಬೋರ್ಡ್ ಕಂಪೆನಿಯು ತನ್ನ ಕಾರಖಾನೆಯ ದುರಸ್ತಿಯ ಕೆಲಸವನ್ನು ಹೊರಗಿನ ಗುತ್ತಿಗೆದಾರನಿಗೆ ವಹಿಸಿದ ಪ್ರಕರಣದಲ್ಲಿ, ಆ ನಿರ್ಧಾರದ ಮೇಲೆಯೇ ಸಂಘದೊಡನೆ ಚೌಕಾಶಿ ಮಾಡಬೇಕಾಗಿತ್ತೆಂದು ತೀರ್ಪಾಯಿತು. ಏಕೆಂದರೆ ಕೆಲಸ ಅದೇ, ಸ್ಥಳ ಅದೇ, ಮಾಡುವ ಕೈ ಮಾತ್ರ ಬೇರೆ. 1981ರಲ್ಲಿ ಇನ್ನೊಂದು ಪ್ರಕರಣದಲ್ಲಿ, ಲಾಭವಿಲ್ಲವೆಂದು ವ್ಯವಹಾರದ ಒಂದು ಭಾಗವನ್ನೇ ನಿಲ್ಲಿಸುವ ನಿರ್ಧಾರದ ಮೇಲೆ ಚೌಕಾಶಿ ಬೇಕಾಗಿಲ್ಲ, ಆದರೆ ಆ ನಿರ್ಧಾರದ ಪರಿಣಾಮಗಳ ಮೇಲೆ, ಅರ್ಥವುಳ್ಳ ಕಾಲದಲ್ಲಿ, ಚೌಕಾಶಿ ಮಾಡಲೇಬೇಕೆಂದು ತೀರ್ಪಾಯಿತು. ಜರ್ಮನಿಯ ಹಾದಿ ಬೇರೆ. ಅಲ್ಲಿಯ 1972ರ ಕಾಯಿದೆಯಂತೆ, ಇಪ್ಪತ್ತಕ್ಕಿಂತ ಹೆಚ್ಚು ಮಂದಿ ಇರುವ ಉದ್ಯಮವು ಮುಚ್ಚುಗಡೆ, ಸ್ಥಳಾಂತರ ಮೊದಲಾದ ದೊಡ್ಡ ಬದಲಾವಣೆಯನ್ನು ಯೋಚಿಸುವಾಗಲೇ ನೌಕರರ ಮಂಡಲಿಗೆ ತಿಳಿಸಿ ಸಮಾಲೋಚಿಸಬೇಕು. ಕೊನೆಯ ನಿರ್ಧಾರ ಯಜಮಾನನದೇ. ಆದರೆ ಅದರಿಂದಾಗುವ ಹಾನಿಯನ್ನು ತುಂಬುವ ಸಾಮಾಜಿಕ ಯೋಜನೆಯನ್ನು ಅವನೊಬ್ಬನೇ ಗೊತ್ತುಮಾಡುವಂತಿಲ್ಲ.

ಈ ಎರಡು ದೇಶಗಳ ಅನುಭವದಿಂದ ನಮಗೆ ಒಂದು ವಿಂಗಡಣೆ ದೊರೆಯುತ್ತದೆ. ನಿರ್ಧಾರ ಒಂದು, ಪರಿಣಾಮ ಒಂದು, ಕಾಲ ಒಂದು. ನಿರ್ಧಾರದ ಮೇಲೆ ಕೊನೆಯ ಮಾತು ಯಾರದು? ಪರಿಣಾಮದ ಮೇಲೆ ಕೊನೆಯ ಮಾತು ಯಾರದು? ಮೊದಲ ಮಾತನ್ನು ಯಾವಾಗ ಆಡಬೇಕು? ಮೂರನೆಯದೇ ಎಲ್ಲಕ್ಕಿಂತ ಮುಖ್ಯವೆಂದು ನಮ್ಮ ಅಭಿಪ್ರಾಯ. ಕಾರಣವನ್ನು ನಮ್ಮ ನಾಡಿನ ಒಂದು ಪ್ರಕರಣದಿಂದ ತೋರಿಸುತ್ತೇವೆ.

ಯಶವಂತಪುರದ ಕೈಗಾರಿಕಾ ಉಪನಗರದಲ್ಲಿ ನೋಂದಾಯಿತ ಕಚೇರಿಯಿದ್ದ ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್ ಕಂಪೆನಿಯು ಶ್ರೀರಂಗಪಟ್ಟಣದಲ್ಲಿ ಒಂದು ಸಿದ್ಧ ಉಡುಪಿನ ಕಾರಖಾನೆಯನ್ನು ನಡೆಸುತ್ತಿತ್ತು. ಅಲ್ಲಿ ಸಾವಿರದ ಇನ್ನೂರಕ್ಕೂ ಹೆಚ್ಚು ಮಂದಿ, ಬಹುಪಾಲು ಹೆಂಗಸರು, ಕೆಲಸದಲ್ಲಿದ್ದರು. 2020ರ ಜೂನ್ ತಿಂಗಳಿನಲ್ಲಿ, ಕೋವಿಡ್ ಪಿಡುಗಿನ ನಡುವೆ, ಬೇಡಿಕೆ ಕುಸಿಯಿತೆಂಬ ಕಾರಣವನ್ನು ಕೊಟ್ಟು ಕಂಪೆನಿಯು ಅವರನ್ನು ಲೇ-ಆಫ್ ಮಾಡಿತು. ಇಷ್ಟು ದೊಡ್ಡ ಕಾರಖಾನೆಯಲ್ಲಿ ಹೀಗೆ ಮಾಡಲು ಸರಕಾರದ ಪೂರ್ವಾನುಮತಿ ಬೇಕು, ಅದನ್ನು ಪಡೆದಿಲ್ಲ ಎಂಬುದು ಉಡುಪು ಮತ್ತು ಜವಳಿ ಕಾರ್ಮಿಕರ ಸಂಘದ ವಾದ. ಕಾರ್ಮಿಕರು ವಾರಗಟ್ಟಲೆ ಕಾರಖಾನೆಯ ಬಾಗಿಲಲ್ಲಿ ಕುಳಿತರು. ಅಂತರರಾಷ್ಟ್ರೀಯ ಸಂಘಟನೆಗಳೂ ಬಟ್ಟೆ ಕೊಳ್ಳುವ ಯೂರೋಪಿನ ಕಂಪೆನಿಯೂ ನಡುವೆ ಬಂದವು. ಕೊನೆಗೆ 2021ರಲ್ಲಿ, ಕೆಲಸವನ್ನು ಮತ್ತೆ ಕೊಡುವ ವಿಷಯದಲ್ಲಿ ಕಂಪೆನಿಯೂ ಸಂಘವೂ ಒಪ್ಪಂದಕ್ಕೆ ಬಂದವು. ಯಾರ ವಾದ ಎಷ್ಟು ಸರಿಯೆಂದು ಇಲ್ಲಿ ನಾವು ತೀರ್ಪು ಹೇಳಹೊರಟಿಲ್ಲ. ಒಂದು ಮಾತನ್ನು ಮಾತ್ರ ಕೇಳುತ್ತೇವೆ. ಒಪ್ಪಂದವು ತಿಂಗಳುಗಳ ಸಂಕಟದ ತರುವಾಯ ಸಾಧ್ಯವಾಯಿತೆಂದರೆ, ಆ ಸಂಕಟಕ್ಕೆ ಮುಂಚೆ ಅದನ್ನು ಪ್ರಯತ್ನಿಸಿದ್ದರೆ ಕಳೆದುಕೊಳ್ಳುವುದೇನಿತ್ತು?

ಈಗ ಕಾಯಿದೆಯ ಹೊಸ ಅಧ್ಯಾಯವನ್ನು ನೋಡೋಣ. 2020ರಲ್ಲಿ ಅಂಗೀಕೃತವಾದ ಕೈಗಾರಿಕಾ ಸಂಬಂಧಗಳ ಸಂಹಿತೆಯು 2025ರ ನವೆಂಬರ್ 21ರಂದು ಜಾರಿಗೆ ಬಂದಿದೆ. 1926ರ ಮತ್ತು 1947ರ ಹಳೆಯ ಕಾಯಿದೆಗಳ ಜಾಗದಲ್ಲಿ ಇದು ನಿಂತಿದೆ. ಇದರ ಒಂದು ಗುಣವನ್ನು ಮುಕ್ತಕಂಠದಿಂದ ಹೇಳಬೇಕು. ಕೇಂದ್ರದ ಕಾಯಿದೆಯಲ್ಲಿ ಮೊಟ್ಟಮೊದಲ ಸಲ ಮನ್ನಣೆಯು ಯಜಮಾನನ ಕೃಪೆಯಾಗಿ ಉಳಿಯದೆ ವಿಧಿಯಾಗಿದೆ. ಕಾರಖಾನೆಯ ಹಾಜರಿಪಟ್ಟಿಯಲ್ಲಿರುವವರಲ್ಲಿ ಶೇಕಡ 51 ಅಥವಾ ಹೆಚ್ಚು ಮಂದಿಯ ಬೆಂಬಲವಿರುವ ಸಂಘವು ಏಕೈಕ ಸಂಧಾನ ಸಂಘವಾಗುತ್ತದೆ. ಅಂಥದೊಂದು ಇಲ್ಲದಿದ್ದರೆ, ಶೇಕಡ 20ಕ್ಕೆ ಕಡಮೆಯಿಲ್ಲದ ಬೆಂಬಲವಿರುವ ಸಂಘಗಳ ಪ್ರತಿನಿಧಿಗಳು ಸೇರಿದ ಸಂಧಾನ ಮಂಡಲಿ. ಬದಲಾವಣೆಗೆ 21 ದಿನದ ನೋಟೀಸಿನ ನಿಯಮವೂ, ಚೌಕಾಶಿಯ ನಿರಾಕರಣೆ ಅನ್ಯಾಯವೆಂಬ ನಿಯಮವೂ ಮುಂದುವರಿದಿವೆ.

ಆದರೆ ಒಂದು ಕೈಯಿಂದ ಕೊಟ್ಟದ್ದನ್ನು ಇನ್ನೊಂದು ಕೈ ಹಿಂದಕ್ಕೆಳೆದುಕೊಂಡಿದೆ. ಹಳೆಯ ಕಾಯಿದೆಯಂತೆ ನೂರು ಅಥವಾ ಹೆಚ್ಚು ಕಾರ್ಮಿಕರಿರುವ ಕಾರಖಾನೆಯನ್ನು ಮುಚ್ಚಲು ಸರಕಾರದ ಅಪ್ಪಣೆ ಬೇಕಾಗಿತ್ತು. ಅರ್ಜಿಯನ್ನು 90 ದಿನ ಮುಂಚೆ ಕೊಡಬೇಕು, ಅದರ ಪ್ರತಿಯನ್ನು ಕಾರ್ಮಿಕರ ಪ್ರತಿನಿಧಿಗಳಿಗೂ ಕೊಡಬೇಕು, ಸರಕಾರವು ಎರಡು ಪಕ್ಷದ ಮಾತನ್ನೂ ಕೇಳಬೇಕು. ಈಗ ಆ ನೂರು ಮುನ್ನೂರಾಗಿದೆ. ಪೀಣ್ಯದ ಬಹುಪಾಲು ಕಾರಖಾನೆಗಳು ಮೊದಲೇ ಸಣ್ಣವು; ಇನ್ನೂ ಹೆಚ್ಚು ಕಾರಖಾನೆಗಳು ಈ ರೇಖೆಯ ಕೆಳಗೆ ಬಿದ್ದವು. ರೇಖೆಯ ಮೇಲಿರುವವರಿಗೂ ಪೂರ್ಣ ನೆಮ್ಮದಿಯಿಲ್ಲ. 60 ದಿನದೊಳಗೆ ಸರಕಾರವು ಉತ್ತರ ಕೊಡದಿದ್ದರೆ ಅಪ್ಪಣೆ ಕೊಟ್ಟಂತೆಯೇ. ಕೇಂದ್ರ ಸರಕಾರದ ಉದ್ಯಮಗಳಲ್ಲಂತೂ ಅಪ್ಪಣೆ ಬೇಡುವ ಕೈಯೂ ಕೊಡುವ ಕೈಯೂ ಒಂದೇ ದೇಹಕ್ಕೆ ಸೇರಿದ್ದು. ಇನ್ನು ಸಂಧಾನ ಸಂಘವು ಯಾವ ವಿಷಯಗಳ ಮೇಲೆ ಮಾತಾಡಬಹುದು? ಕೇಂದ್ರ ಸರಕಾರವು 2021ರಲ್ಲಿ ಪ್ರಕಟಿಸಿದ ಕರಡು ನಿಯಮಗಳಲ್ಲಿ ಸಂಬಳ, ಕೆಲಸದ ಗಂಟೆ, ರಜ, ಬಡ್ತಿ, ವರ್ಗ, ಸುರಕ್ಷತೆ ಮೊದಲಾದವು ಇದ್ದುವು. ಮುಚ್ಚುಗಡೆಯಾಗಲಿ ಸ್ಥಳಾಂತರವಾಗಲಿ ಹೆಸರಿಸಿ ಹೇಳಿದ ವಿಷಯಗಳಾಗಿರಲಿಲ್ಲ. ಎರಡು ಪಕ್ಷಗಳೂ ಒಪ್ಪಿದರೆ ಬೇರೆ ಯಾವ ವಿಷಯವನ್ನಾದರೂ ಎತ್ತಿಕೊಳ್ಳಬಹುದೆಂಬ ಬಾಗಿಲು ಮಾತ್ರ ಅದರಲ್ಲಿತ್ತು. ಆ ಬಾಗಿಲಿನ ಚಿಲಕ ಯಜಮಾನನ ಕೈಯಲ್ಲಿದೆಯೆಂದು ಬೇರೆ ಹೇಳಬೇಕಾಗಿಲ್ಲ.

ಯಜಮಾನರ ಪಕ್ಷದಲ್ಲಿಯೂ ಹೇಳಬೇಕಾದ ಮಾತುಗಳಿವೆ. ಅವನ್ನು ಮರೆಮಾಡುವುದು ನ್ಯಾಯವಲ್ಲ. ಬಂಡವಾಳ ಹಾಕಿದವನು ನಷ್ಟವನ್ನೂ ಹೊರುತ್ತಾನೆ. ಹೊರುವವನಿಗೇ ನಿರ್ಧರಿಸುವ ಸ್ವಾತಂತ್ರ್ಯವಿರಬೇಕು ಎಂಬುದು ಒಂದು. ಪೇಟೆಯು ಯಾರಿಗೂ ಕಾಯುವುದಿಲ್ಲ, ಮಾತುಕತೆಗೆ ಕೂತರೆ ಹೊತ್ತು ಹೋಗುತ್ತದೆ ಎಂಬುದು ಎರಡು. ಕಾರಖಾನೆ ಮುಚ್ಚುವ ಯೋಚನೆ ಹೊರಬಿದ್ದರೆ ಸಾಲ ಕೊಟ್ಟವರೂ ಸರಕು ಕೊಳ್ಳುವವರೂ ಹಿಂಜರಿಯುತ್ತಾರೆ, ಗುಟ್ಟು ಉಳಿಯುವುದಿಲ್ಲ ಎಂಬುದು ಮೂರು. ಈ ಮೂರರಲ್ಲಿಯೂ ಸತ್ಯಾಂಶವಿದೆ.

ನಮ್ಮ ಉತ್ತರ ಹೀಗೆ. ನಷ್ಟವನ್ನು ಹೊರುವವನು ಬಂಡವಾಳಗಾರನೊಬ್ಬನೇ ಎಂಬುದು ಲೆಕ್ಕದ ಪುಸ್ತಕದ ಸತ್ಯ, ಮನೆಯ ಸತ್ಯವಲ್ಲ. ಷೇರುದಾರನು ಹತ್ತು ಕಂಪೆನಿಗಳಲ್ಲಿ ಹಣ ಹಂಚಿಡಬಹುದು. ನಲವತ್ತೈದು ವರ್ಷದ ಅಚ್ಚುಗಾರನು ತನ್ನ ಎರಡು ಕೈಗಳನ್ನು ಒಂದೇ ಕಾರಖಾನೆಯಲ್ಲಿ ಇಟ್ಟಿದ್ದಾನೆ. ಎಲ್ಲಿ ಕಳೆದುಕೊಳ್ಳುವುದಿದೆಯೋ ಅಲ್ಲಿ ಹೇಳುವುದಕ್ಕೂ ಇರಬೇಕು. ಹೊತ್ತು ಹೋಗುತ್ತದೆಂಬುದಕ್ಕೆ ಉತ್ತರ: ಮಾತುಕತೆಗೆ ಗಡುವನ್ನು ಗೊತ್ತುಮಾಡಬಹುದು. ಕಾಯಿದೆಯು ನೋಟೀಸಿಗೆ ಕೊಟ್ಟಿರುವ 21 ದಿನವನ್ನು ಬರಿಯ ಕಾಯುವಿಕೆಯಲ್ಲಿ ಕಳೆಯದೆ ಮಾತಿನಲ್ಲಿ ಕಳೆಯಬಹುದು. ಮಾತಾಡದೆ ಮುಚ್ಚಿದ ಕಾರಖಾನೆಯು ತಿಂಗಳುಗಟ್ಟಲೆ ಧರಣಿಯಲ್ಲಿಯೂ ವರ್ಷಗಟ್ಟಲೆ ಮೊಕದ್ದಮೆಯಲ್ಲಿಯೂ ಕಳೆಯುವ ಹೊತ್ತನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಗುಟ್ಟಿನ ವಿಷಯದಲ್ಲಿ, ಸಂಘದ ಪ್ರತಿನಿಧಿಗಳನ್ನು ಗುಟ್ಟಿಗೆ ಬದ್ಧರನ್ನಾಗಿ ಮಾಡಬಹುದು. ಜರ್ಮನಿಯಲ್ಲಿ ನೌಕರರ ಮಂಡಲಿಯ ಸದಸ್ಯರಿಗೆ ಅಂಥ ಕಟ್ಟುಪಾಡು ಇದೆ.

ಸಂಘಗಳಿಗೂ ಒಂದು ಮಾತು. ಸಂಬಳದ ವಿಷಯದಲ್ಲಿ ಮಾತ್ರ ಚುರುಕಾಗಿ, ವ್ಯವಹಾರದ ವಿಷಯದಲ್ಲಿ ನಿದ್ರಿಸುವುದು ಸಂಘಕ್ಕೆ ಶೋಭೆಯಲ್ಲ. ಕಂಪೆನಿಯ ವಾರ್ಷಿಕ ವರದಿಯನ್ನು ಓದಬಲ್ಲವರು, ಆದಾಯ ವೆಚ್ಚದ ತಖ್ತೆಯನ್ನು ತಿಳಿಯಬಲ್ಲವರು, ಪೇಟೆಯ ಗಾಳಿ ಎತ್ತ ಬೀಸುತ್ತಿದೆಯೆಂದು ಅರಿಯಬಲ್ಲವರು ಸಂಘದಲ್ಲಿ ಬೇಕು. ಗಡಿಯಾರದ ಒಳಗಿನ ಪ್ರತಿಯೊಂದು ಚಕ್ರವನ್ನೂ ಬಲ್ಲ ಕೈಗಳು ಗಡಿಯಾರದ ಭವಿಷ್ಯದ ಬಗೆಗೆ ಹೇಳಬಹುದಾದ ಮಾತಿಗೆ ಬೆಲೆ ಬರುವುದು ಆಗ. ನೂರು ಅಥವಾ ಹೆಚ್ಚು ಕಾರ್ಮಿಕರಿರುವ ಕಾರಖಾನೆಗಳಲ್ಲಿ ಯಜಮಾನ ಕಾರ್ಮಿಕ ಇಬ್ಬರೂ ಕೂಡುವ ಸಮಿತಿಗೆ ಕಾಯಿದೆಯಲ್ಲಿ 1947ರಿಂದಲೂ ಎಡೆಯಿದೆ. ಕ್ಯಾಂಟೀನಿನ ಚಹದ ರುಚಿಯ ಚರ್ಚೆಗೆ ಮಾತ್ರ ಅದನ್ನು ಮೀಸಲಿಟ್ಟರೆ ತಪ್ಪು ಕಾಯಿದೆಯದಲ್ಲ.

ಹೆಬ್ಬಾಳದ ಬದಿಯ ಗಾಜಿನ ಕಚೇರಿಗಳಲ್ಲಿ ಕೆಲಸ ಮಾಡುವ ಸುಶಿಕ್ಷಿತ ಕೇಳುಗರು, ಇದೆಲ್ಲ ಎಣ್ಣೆ ಮಸಿಯ ಕೈಗಳಿಗೆ ಸೇರಿದ ಮಾತು, ನಮಗಲ್ಲ ಎಂದುಕೊಳ್ಳಬಹುದು. ಆಡಳಿತದ ಹೊಣೆಯುಳ್ಳವರನ್ನೂ, ತಿಂಗಳಿಗೆ 18,000 ರೂಪಾಯಿಗೆ ಮೀರಿದ ಸಂಬಳದ ಮೇಲ್ವಿಚಾರಕರನ್ನೂ ಹೊಸ ಸಂಹಿತೆಯು ಕಾರ್ಮಿಕರ ಸಾಲಿನಿಂದ ಹೊರಗಿಟ್ಟಿದೆ, ನಿಜ. ಆದರೆ ತಾಂತ್ರಿಕ ಕೆಲಸ ಮಾಡುವವನು, ಸಂಬಳ ದೊಡ್ಡದೆಂಬ ಒಂದೇ ಕಾರಣದಿಂದ ಹೊರಗಾಗುವುದಿಲ್ಲ. ಹುದ್ದೆಯ ಹೆಸರನ್ನಲ್ಲ, ಮಾಡುವ ಕೆಲಸವನ್ನು ನೋಡಬೇಕೆಂಬುದು ನ್ಯಾಯಾಲಯಗಳು ಬಹುಕಾಲದಿಂದ ಹೇಳುತ್ತ ಬಂದಿರುವ ಮಾತು. ದೂರದ ದೇಶದಲ್ಲಿ ಆದ ಒಂದು ನಿರ್ಧಾರ ಬೆಳಗಿನ ಒಂದು ಮಿಂಚಂಚೆಯಾಗಿ ಬಂದು ಸಾವಿರಾರು ಮಂದಿಯ ಕೆಲಸವನ್ನು ಕಳೆಯಬಹುದಾದ ಈ ಕಾಲದಲ್ಲಿ, ಅಚ್ಚುಗಾರನ ಪ್ರಶ್ನೆಯೂ ಗಣಕಜ್ಞನ ಪ್ರಶ್ನೆಯೂ ಒಂದೇ ಆಗಿದೆ.

ನಾವು ಹೇಳಬೇಕೆಂದಿದ್ದುದನ್ನು ಸಂಗ್ರಹಿಸುತ್ತೇವೆ. ವ್ಯವಹಾರದ ನಿರ್ಧಾರದಲ್ಲಿ ಕೊನೆಯ ಮಾತು ಯಜಮಾನನದಾಗಿರಲಿ. ಪರಿಣಾಮದ ವಿಷಯದಲ್ಲಿ, ಅಂದರೆ ಪರಿಹಾರ, ಬೇರೆ ಕೆಲಸ, ಹೊಸ ತರಬೇತು, ಮಕ್ಕಳ ಓದಿನ ವರ್ಷ ಮುಗಿಯುವವರೆಗಿನ ಅವಧಿ, ಇವುಗಳಲ್ಲಿ ಮಾತು ಇಬ್ಬರದೂ ಆಗಿರಲಿ. ಈ ಎರಡು ಮಾತುಗಳೂ ನಿರ್ಧಾರಕ್ಕೆ ಮೊಹರು ಬೀಳುವ ಮುನ್ನ ನಡೆಯಲಿ. ಮುಚ್ಚುಗಡೆ, ಸ್ಥಳಾಂತರ, ಗುತ್ತಿಗೆಗೆ ವಹಿಸುವಿಕೆ ಇವನ್ನು ಸಂಧಾನದ ವಿಷಯಗಳೆಂದು ನಿಯಮಗಳಲ್ಲಿ ಹೆಸರಿಸಿ ಬರೆಯುವ ಕೆಲಸ ಸರಕಾರಗಳದು. ಅದನ್ನು ಕೇಳುವ ಕೆಲಸ ಪ್ರಜೆಗಳದು. ಮಾತು ಬಲ್ಲವನಿಗೆ ಜಗಳವಿಲ್ಲವೆಂದು ನಮ್ಮ ಹಿರಿಯರು ಹೇಳಿದರು. ಮಾತು ಬಲ್ಲವನಾದರೂ, ಆಡುವುದಕ್ಕೆ ಎದುರಿಗೊಂದು ಕುರ್ಚಿಯೂ ಸಕಾಲದಲ್ಲಿ ಒಂದು ಕರೆಯೂ ಬೇಕು. ಅವೆರಡನ್ನು ಒದಗಿಸುವುದೇ ಕಾಯಿದೆಯ ಕೆಲಸ.